ಒಳಗಿನ ಪಂಕ್ತಿ

ಕಂಟೋನ್ಮೆಂಟ್, ಬಳ್ಳಾರಿ
೧೨–೬–೧೯೭೪

ಪ್ರೀತಿಯ ಮಗಳು ಸುವಾರ್ತಮ್ಮಳಿಗೆ,

ಕರ್ತನ ದಯೆಯಿಂದ ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಕುರುಗೋಡು ಸಾಲಿಗೆ ಹಾಜರಾದ ಸುದ್ದಿ ಬಂದ ದಿನ ನಿಮ್ಮವ್ವ ಓಣಿಗೆಲ್ಲ ಬೆಲ್ಲ ಹಂಚಿದಳು. ಮೊಣಕಾಲು ನೋವೆಂದು ಮಲಗಿದ್ದವಳು ಆವತ್ತು ಮಾತ್ರ ಎಲ್ಲರ ಬಾಗಿಲಿಗೂ ಹೋಗಿ ಬಂದಳು.

ಊರು ಹೊಸದೆಂದು ಅಂಜಬೇಡ. ಹನುಮಮ್ಮ ಇದ್ದಾಳೆ. ನಾನು ಮೊದಲ ಸಲ ಊರಾಚೆಯ ಅವಳ ಕೇರಿಗೆ ಹೋದಾಗ ಬಿಸಿಲಿಗೆ ತಲೆ ತಿರುಗಿ ಅವಳ ಕಟ್ಟೆಯ ಮೇಲೆ ಕುಸಿದಿದ್ದೆ. ನೀರು ಕೊಟ್ಟಳು, ರೊಟ್ಟಿ ಕೊಟ್ಟಳು, ಆಮೇಲೆ "ಅದೇನು ಪುಸ್ತಕ, ಓದ್ರಿ" ಅಂದಳು. ಅಲ್ಲಿಂದ ಇಲ್ಲಿವರೆಗೆ ಕುರುಗೋಡಿನ ಸಭೆ ಅವಳ ಪಡಸಾಲೆಯಲ್ಲೇ ಕೂಡುತ್ತಿದೆ. ನಾನು ತಿಂಗಳಿಗೊಂದು ಭಾನುವಾರ ಮಾತ್ರ ಬರಬಲ್ಲೆ. ಉಳಿದ ಭಾನುವಾರಗಳು ಸಿರುಗುಪ್ಪ, ತೆಕ್ಕಲಕೋಟೆ ಕಡೆಯ ಹಳ್ಳಿಗಳಿಗೆ ಹೋಗುತ್ತವೆ. ಉಪದೇಶಿಯಾದವನಿಗೆ ಬಸ್ಸೇ ಮನೆ.

ಇಲ್ಲಿ ಸಂಜೆಯ ವೇದಪಾಠದಲ್ಲಿ ಹುಡುಗರಿಗೆ ಆದಿ ಸಭೆಯ ಚರಿತ್ರೆ ಶುರುಮಾಡಿದ್ದೇನೆ. ಸಭೆ ಅಂದರೇನು ಅಂತ ಕೇಳಿದರೆ ಎಲ್ಲರೂ ಕಿಟಕಿಯಾಚೆಗಿನ ಗಂಟೆಗೋಪುರದ ಕಡೆ ಕೈ ತೋರಿಸಿದರು. ನಗು ಬಂತು. ಗ್ರೀಕರ ಊರುಗಳಲ್ಲಿ ಡಂಗುರದವನು ಕೂಗಿದರೆ ಜನ ಮನೆಮನೆಯಿಂದ ಹೊರಗೆ ಬಂದು ಒಂದು ಕಡೆ ಸೇರುತ್ತಿದ್ದರು. ಆ ಕೂಟದ ಹೆಸರನ್ನೇ ಅಪೊಸ್ತಲರು ಎತ್ತಿಕೊಂಡರು ಅಂತ ಹೇಳಿದೆ. ಅದು ಕರೆದಾಗ ಬಂದವರ ಹೆಸರು, ಕಟ್ಟಡದ್ದಲ್ಲ. ಕಟ್ಟಡ ಬಂದದ್ದು ಎಷ್ಟೋ ತಲೆಮಾರು ಕಳೆದ ಮೇಲೆ. ಮೊದಲು ಇದ್ದದ್ದು ಬಟ್ಟೆ ಮಾರುವ ಲುದ್ಯಳ ಮನೆ, ಗುಡಾರ ಹೊಲಿಯುವ ಅಕ್ವಿಲ–ಪ್ರಿಸ್ಕಿಲ್ಲರ ಮನೆ. ಅಲ್ಲೇ ಪ್ರಾರ್ಥನೆ, ಅಲ್ಲೇ ಒಟ್ಟಿಗೆ ಊಟ. ಕರ್ತನ ಭೋಜನವೂ ಹೊಟ್ಟೆಯ ಊಟವೂ ಒಂದೇ ಆಗಿದ್ದ ಕಾಲ ಅದು. "ಅಂಥ ಸಭೆ ನೋಡಬೇಕೆಂದರೆ ಕುರುಗೋಡಿಗೆ ಹೋಗಿ, ಬೀಸುಕಲ್ಲಿಗೂ ಆಡಿನ ಗೂಟಕ್ಕೂ ನಡುವೆ ಐತಿ" ಅಂದೆ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂದೆ,
ಚಿನ್ನಪ್ಪ


ಕುರುಗೋಡು
೩–೭–೧೯೭೪

ಅಪ್ಪನವರಿಗೆ,

ಸಾಲಿ ಚೆನ್ನಾಗಿದೆ. ಎರಡನೆಯ ಇಯತ್ತೆ ನನಗೆ ಕೊಟ್ಟಿದ್ದಾರೆ. ಮಕ್ಕಳು ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುತ್ತವೆ, ನನಗೂ ಅದೇ ರೂಢಿಯಾಗಿದೆ.

ಒಂದು ಸುದ್ದಿ. ಹೋದ ಭಾನುವಾರ ಹನುಮಮ್ಮನ ಮನೆಯಲ್ಲಿ ಹಾಡು ಹೇಳುತ್ತಿದ್ದೆವು. ಹೊರಗೆ ಬೇವಿನ ಮರದ ಕೆಳಗೆ ಒಬ್ಬರು ನಿಂತು ಕೇಳುತ್ತಿದ್ದರು. ಕಾಡಸಿದ್ದಪ್ಪ ಅಂತ, ಈ ಊರಿನ ಅರಳೆ ವ್ಯಾಪಾರಿ. ಲಿಂಗ ಕಟ್ಟಿದ ಮನೆತನ, ಬಂಧುಗಳೆಲ್ಲ ಸಿರುಗುಪ್ಪದಲ್ಲಿದ್ದಾರಂತೆ. ಹೆಂಡತಿ ಈರಮ್ಮ ಬಾಣಂತಿತನದಲ್ಲಿ ಸಾಯುವ ಹಾಗಿದ್ದಾಗ ಆಸ್ಪತ್ರೆಯಲ್ಲಿ ಯಾರೋ ಒಂದು ಸುವಾರ್ತೆಯ ಪುಸ್ತಕ ಕೊಟ್ಟಿದ್ದರಂತೆ. ಅದನ್ನು ಹಾಳೆ ಸವೆಯುವ ಹಾಗೆ ಓದಿದ್ದಾರೆ. ದೀಕ್ಷಾಸ್ನಾನದ ಆಸೆಯೂ ಇದೆ. ಚಿಕ್ಕಪ್ಪ ಗಾದಿಲಿಂಗಪ್ಪನವರ ಭಯವೂ ಇದೆ.

ಪೇಟೆಯ ಕೊನೆಗೆ ಅವರದೊಂದು ಖಾಲಿ ಅರಳೆ ಗೋದಾಮಿದೆ. ಅದನ್ನು ಸಭೆಗೆ ಕೊಡುತ್ತೇನೆ ಅನ್ನುತ್ತಾರೆ. ಹನುಮಮ್ಮನಿಗೆ ಹೇಳಿದೆ. ಖುಷಿಪಟ್ಟಳು. ಆಮೇಲೆ, "ಅಲ್ಲಿ ಒಲಿ ಐತೇನವ್ವಾ?" ಅಂತ ಕೇಳಿದಳು.

ಕಾಡಸಿದ್ದಪ್ಪನವರು ನನ್ನನ್ನು ಒಂದು ಪ್ರಶ್ನೆ ಕೇಳಿದ್ದಾರೆ. ಆದಿ ಸಭೆಯಲ್ಲಿ ಯೆಹೂದ್ಯರೂ ಬೇರೆ ಜನವೂ ಕೂಡಿ ಉಣ್ಣುತ್ತಿದ್ದರೇ? ಯಾರೂ ತಕರಾರು ತೆಗೆಯಲಿಲ್ಲವೇ? ನನಗೆ ಪೂರಾ ಗೊತ್ತಿರಲಿಲ್ಲ. ನೀವು ಬರೆಯಿರಿ.

ನಿಮ್ಮ ಮಗಳು,
ಸುವಾರ್ತ


ಬಳ್ಳಾರಿ
೨೦–೭–೧೯೭೪

ಪ್ರೀತಿಯ ಸುವಾರ್ತ,

ನಿನ್ನ ಕಾಗದವನ್ನು ಇಲ್ಲಿನ ಹಿರಿಯರಿಗೂ ತೋರಿಸಿದೆ. ಗೋದಾಮಿನ ಮಾತಿಗೆ ಎಲ್ಲರ ಮುಖವೂ ಅರಳಿತು. ಅಂಥ ಮನೆತನದವರು ಬಂದರೆ ಇನ್ನೂ ಹತ್ತು ಮನೆಯವರು ಬಂದಾರು ಅಂದರು. ನನಗೂ ಹಾಗೇ ಅನಿಸಿತು.

ಈಗ ಕಾಡಸಿದ್ದಪ್ಪನವರ ಪ್ರಶ್ನೆ. ಸಭೆ ಯೆರೂಸಲೇಮಿನಲ್ಲಿ ಹುಟ್ಟಿದಾಗ ಅದರಲ್ಲಿದ್ದವರೆಲ್ಲ ಯೆಹೂದ್ಯರೇ. ಅನ್ಯಜನರೊಂದಿಗೆ ಉಣ್ಣುವುದು ಅವರಿಗೆ ಮೈಲಿಗೆ. ಸಭೆಯ ಸೇವಕ ಸ್ತೆಫನನನ್ನು ಕಲ್ಲೆಸೆದು ಕೊಂದ ಮೇಲೆ ಜನ ದಿಕ್ಕಾಪಾಲಾಗಿ ಓಡಿದರು. ಹಾಗೆ ಓಡಿದವರು ಅಂತಿಯೋಕ್ಯ ಎಂಬ ದೊಡ್ಡ ಪೇಟೆ ಊರಿಗೂ ಹೋದರು. ಅಲ್ಲಿ ಗ್ರೀಕರಿಗೂ ಹೇಳಿದರು, ಅವರೂ ನಂಬಿದರು. ಕ್ರೈಸ್ತರು ಎಂಬ ಹೆಸರು ಮೊದಲು ಬಿದ್ದದ್ದು ಅಲ್ಲೇ. ಇವರನ್ನು ಯೆಹೂದ್ಯರೆನ್ನಲೂ ಆಗದೆ, ಗ್ರೀಕರೆನ್ನಲೂ ಆಗದೆ ಊರ ಜನ ಒಂದು ಹೊಸ ಹೆಸರು ಇಟ್ಟಿರಬೇಕು.

ಅಪೊಸ್ತಲರಲ್ಲಿ ಮೊದಲಿಗನಾದ ಪೇತ್ರನೂ ಅಲ್ಲಿಗೆ ಬಂದ. ಎಲ್ಲರ ಜೊತೆ ಉಂಡ. ಅಷ್ಟರಲ್ಲಿ ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯಿಂದ ಕೆಲವರು ಬಂದರು. ಅವರನ್ನು ನೋಡಿದ್ದೇ ತಡ, ಪೇತ್ರ ಹೆದರಿ ಅನ್ಯಜನರ ಪಂಕ್ತಿಯಿಂದ ಸರಿದುಕೊಂಡ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು, ಬಾರ್ನಬನಂಥ ಬಾರ್ನಬನೂ ಎದ್ದ. ಆಗ ಪೌಲ ಎಲ್ಲರೆದುರಿಗೆ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಸಭೆ ಎರಡಾಗದೆ ಉಳಿದದ್ದು ಆ ಜಗಳದಿಂದ ಅಂತ ನನ್ನ ನಂಬಿಕೆ.

ಬಂಡೆಯಂಥ ಪೇತ್ರ ನಾಲ್ಕು ಜನ ನೆಂಟರಿಗೆ ಹೆದರಿದನಲ್ಲ! ಹುಡುಗರಿಗೆ ಈ ಕಥೆ ಹೇಳುವಾಗ ಪ್ರತಿ ವರ್ಷ ನಗಿಸುತ್ತೇನೆ.

ಅಕ್ಟೋಬರಿನಲ್ಲಿ ಗೋದಾಮಿನ ಪ್ರತಿಷ್ಠೆ, ಕ್ರಿಸ್‌ಮಸ್ಸಿಗೆ ಅವರ ದೀಕ್ಷಾಸ್ನಾನ. ಹನುಮಮ್ಮನಿಗೆ ತಿಳಿಸು.

ನಿನ್ನ ತಂದೆ,
ಚಿನ್ನಪ್ಪ


ಬಳ್ಳಾರಿ
೩೦–೧೦–೧೯೭೪

ಸುವಾರ್ತಳಿಗೆ,

ಭಾನುವಾರ ಸಂಜೆ ಸುಖವಾಗಿ ಬಂದು ಸೇರಿದೆ. ಬಸ್ಸಿನಲ್ಲಿ ಸೀಟು ಸಿಕ್ಕಿತು. ನಿಮ್ಮವ್ವನಿಗೆ ನೀನು ಕಳಿಸಿದ ಸೀರೆ ಕೊಟ್ಟೆ, ಅಂಚು ಒಪ್ಪಿದೆ ಅಂದಳು. ಪ್ರತಿಷ್ಠೆಯ ಕೆಲಸ ಚೆನ್ನಾಗಿ ನಡೆಯಿತು ಅಂತ ಹಿರಿಯರಿಗೆ ಹೇಳಿದ್ದೇನೆ. ಸುಣ್ಣ ಬಳಿದ ಗೋಡೆ, ಹೊಸ ಚಾಪೆ, ಎಲ್ಲ ಲಕ್ಷಣವಾಗಿತ್ತು. ಗಾದಿಲಿಂಗಪ್ಪನವರು ಸಿರುಗುಪ್ಪದಿಂದ ಅಷ್ಟು ದೂರ ಬಂದದ್ದು ದೊಡ್ಡ ಮಾತು.

ನನಗೆ ಸ್ವಲ್ಪ ಕೆಮ್ಮು. ಮುಂದಿನ ತಿಂಗಳು ಕುರುಗೋಡಿಗೆ ಬರುವುದು ಆಗುತ್ತದೋ ಇಲ್ಲವೋ.

ಚಿನ್ನಪ್ಪ


ಕುರುಗೋಡು
೧೮–೧೧–೧೯೭೪

ಅಪ್ಪನವರಿಗೆ,

ಈ ತಿಂಗಳು ನೀವು ಬರಲಿಲ್ಲ. ಕೆಮ್ಮು ಕಡಿಮೆಯಾಗಿರಬೇಕು.

ಭಾನುವಾರ ನಾನು ಗೋದಾಮಿನ ಬೀಗ ತೆಗೆದು ಕೂತಿದ್ದೆ. ಯಾರೂ ಬರಲಿಲ್ಲ. ಹನುಮಮ್ಮ ಬರಲಿಲ್ಲ, ಅವಳ ಕೇರಿಯ ಗಾದೆಪ್ಪ ಬರಲಿಲ್ಲ, ಅಲ್ಲಿಂದ ಒಂದು ನರಪಿಳ್ಳೆಯೂ ಇಲ್ಲ. ಕಾಡಸಿದ್ದಪ್ಪನವರೂ ಬರಲಿಲ್ಲ. ಹೊಸ ಚಾಪೆಗಳ ನಡುವೆ ಒಬ್ಬಳೇ ಕೂತು ಒಂದು ಹಾಡು ಹೇಳಿದೆ. ಅರ್ಧಕ್ಕೆ ಬಿಟ್ಟೆ.

ನಿಮ್ಮ ಕಾಗದದಲ್ಲಿ ಬಸ್ಸಿದೆ, ಸೀರೆಯಿದೆ, ಗೋಡೆಯಿದೆ. ಹನುಮಮ್ಮ ಇಲ್ಲ. ನಾನೂ ಮೂರು ವಾರ ಸುಮ್ಮನಿದ್ದೆ. ಇನ್ನು ಆಗುವುದಿಲ್ಲ.

ಪ್ರತಿಷ್ಠೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಊಟಕ್ಕೆ ಎರಡು ಕಡೆ ಹಾಸಿದ್ದರು. ಸಿರುಗುಪ್ಪದವರಿಗೆ ಒಳಗೆ, ಚಾಪೆಯ ಮೇಲೆ, ಹಿತ್ತಾಳೆ ತಾಟು. ಕೇರಿಯವರಿಗೆ ಹೊರಗೆ, ಗೋಡೆಯ ಬಿಸಿಲಿನಲ್ಲಿ, ಮುತ್ತುಗದ ಎಲೆ. ಯಾರೂ ಹೀಗೇ ಕೂರಿ ಅಂತ ಬಾಯಿಬಿಟ್ಟು ಹೇಳಲಿಲ್ಲ. ಹನುಮಮ್ಮ ಹೊರಗೆ ಕೂತು, ಎಂದಿನ ಹಾಗೆ ತನ್ನ ಪಕ್ಕದಲ್ಲಿ ನಿಮಗೆ ಜಾಗ ಬಿಟ್ಟು ಸೆರಗಿನಿಂದ ನೆಲ ಒರೆಸಿದಳು. ನೀವು ಆ ಕಡೆ ಎರಡು ಹೆಜ್ಜೆ ಇಟ್ಟಿರಿ. ಗಾದಿಲಿಂಗಪ್ಪನವರು ನಿಮ್ಮ ಕೈ ಹಿಡಿದು, "ಬರ್ರಿ ಅಯ್ಯಾರ, ನೀವ್ಯಾಕ ಬಿಸಲಾಗ? ಒಳಗ ಬರ್ರಿ" ಅಂದರು. ನೀವು ಹೋದಿರಿ.

ಬಡಿಸಿದವಳು ನಾನು. ಎರಡು ಪಂಕ್ತಿಗೂ ನಾನೇ. ಮೊದಲು ಒಳಗೆ, ಆಮೇಲೆ ಹೊರಗೆ. ಹನುಮಮ್ಮನ ಮುಂದೆ ಬಗ್ಗಿ "ಅನ್ನ ಹಾಕಲೇನು?" ಅಂದೆ. "ಸಾಕವ್ವಾ" ಅಂದಳು. ಎಲೆ ಖಾಲಿಯಿತ್ತು ಅಪ್ಪಾ. ನಾನು ಏನೂ ಕಾಣದವಳ ಹಾಗೆ ಮುಂದಿನ ಎಲೆಗೆ ಹೋದೆ.

ನಿಮ್ಮನ್ನು ಬಯ್ಯಲು ಬರೆಯುತ್ತಿಲ್ಲ. ನನ್ನ ಕೈಯಲ್ಲೂ ಅನ್ನದ ಬುಟ್ಟಿ ಇತ್ತು.

ಸುವಾರ್ತ


ಬಳ್ಳಾರಿ
೨೯–೧೧–೧೯೭೪

ಮಗಳೇ,

ನಿನ್ನ ಕಾಗದಕ್ಕೆ ಮೊದಲು ಒಂದು ಉತ್ತರ ಬರೆದೆ. ಕಾಡಸಿದ್ದಪ್ಪನ ಆತ್ಮ ಕೈತಪ್ಪೀತೆಂದು ಹಾಗೆ ಮಾಡಿದೆ, ಒಂದು ದಿನದ ಮಾತಲ್ಲವೇ, ಹನುಮಮ್ಮ ನಮ್ಮವಳು ತಿಳಿದುಕೊಳ್ಳುತ್ತಾಳೆ, ಅಂತೆಲ್ಲ. ಬರೆದು ಓದಿದೆ. ಹರಿದು ಹಾಕಿದೆ.

ನಿಜ ಬೇರೆ ಇದೆ. ನಿನ್ನ ತಾತ ಪಾಲಯ್ಯ ತೆಕ್ಕಲಕೋಟೆಯ ಅಂಥದೇ ಕೇರಿಯಲ್ಲಿ ಹುಟ್ಟಿದವನು. ಗೌಡರ ಮನೆ ಮದುವೆಗಳಲ್ಲಿ ಅವನೂ ನಾನೂ ಹಿತ್ತಲ ಗೋಡೆಯ ಹೊರಗೆ ಕಾದು ಕೂತಿದ್ದುಂಟು. ಆಮೇಲೆ ಓದು ಬಂತು, ಬಿಳಿ ಅಂಗಿ ಬಂತು, ಕಂಟೋನ್ಮೆಂಟಿನ ವಿಳಾಸ ಬಂತು. ಗಾದಿಲಿಂಗಪ್ಪನವರಿಗೆ ನಾನು ಯಾರ ಮಗ ಅಂತ ಗೊತ್ತಿರಲಿಲ್ಲ. ಅವರು ನನ್ನ ಕೈ ಹಿಡಿದು "ಒಳಗ ಬರ್ರಿ" ಅಂದಾಗ ನನಗೆ ಭಯಕ್ಕಿಂತ ಮೊದಲು ಇನ್ನೊಂದು ಬಂತು. ಸಂತೋಷ. ನಮ್ಮಪ್ಪನನ್ನು ಯಾರೂ ಹಾಗೆ ಕರೆದಿರಲಿಲ್ಲ. ಆ ಕರೆ ಎಷ್ಟು ಸಿಹಿಯಾಗಿತ್ತೆಂದರೆ ಕಾಲುಗಳು ತಾವೇ ನಡೆದವು. ಭಯ ಕೂತ ಮೇಲೆ ಬಂತು: ಹೊರಗೆ ಹೋಗಿ ಹನುಮಮ್ಮನ ಪಕ್ಕ ಕೂತರೆ ಇವರು "ಓಹೋ, ಇವನೂ ಅಲ್ಲಿಯವನೇ" ಅಂದಾರು ಅಂತ. ಹಿತ್ತಾಳೆ ತಾಟಿನಲ್ಲಿ ಉಂಡೆ. ಹೋಳಿಗೆಯನ್ನು ಎರಡನೆಯ ಸಲವೂ ಹಾಕಿಸಿಕೊಂಡೆ.

ಈ ವಾರ ವೇದಪಾಠ ಅಂತಿಯೋಕ್ಯಕ್ಕೆ ಬಂತು. ಪ್ರತಿ ವರ್ಷ ನಗಿಸುವ ಜಾಗ. ಈ ಸಲ ನಗಿಸದೆ ಓದಿದೆ. ಒಬ್ಬ ಹುಡುಗ, "ಅಯ್ಯಾ, ಪೌಲ ಅಷ್ಟೆಲ್ಲ ಬೈದ ಮೇಲೆ ಪೇತ್ರ ಏನಂದ?" ಅಂತ ಕೇಳಿದ. ಇಷ್ಟು ವರ್ಷ ಪಾಠ ಹೇಳಿದವನಿಗೆ ಆ ಪ್ರಶ್ನೆ ಬಂದೇ ಇರಲಿಲ್ಲ. ಅದನ್ನು ಬರೆದಿಲ್ಲ ಸುವಾರ್ತ. ಪೌಲನ ಮಾತಷ್ಟೇ ಇದೆ. ಪೇತ್ರ ತಲೆ ತಗ್ಗಿಸಿದನೋ, ವಾದ ಮಾಡಿದನೋ, ಎದ್ದು ಹೋಗಿ ಆ ಜನರ ಜೊತೆ ಕೂತನೋ, ಯಾರಿಗೂ ಗೊತ್ತಿಲ್ಲ. ಮೈ ಸರಿಯಿಲ್ಲವೆಂದು ಪಾಠ ನಿಲ್ಲಿಸಿ ಮನೆಗೆ ಬಂದೆ.

ಇದನ್ನು ನಿಮ್ಮವ್ವನಿಗೆ ಇನ್ನೂ ಹೇಳಿಲ್ಲ.

ಅಪ್ಪ


ಬಳ್ಳಾರಿ
೧೯–೧೨–೧೯೭೪

ಮಗಳೇ,

ನಿನ್ನೆ ಕಾಡಸಿದ್ದಪ್ಪ ಇಲ್ಲಿಗೆ ಬಂದಿದ್ದರು. ಸತ್ಯನಾರಾಯಣಪೇಟೆಯಲ್ಲಿ ಕೆಲಸವಿತ್ತಂತೆ, ಹಾಗೇ ಬಂದೆ ಅಂದರು. ದೀಕ್ಷಾಸ್ನಾನದ ದಿನ ಗೊತ್ತುಮಾಡಲು ಬಂದಿದ್ದಾರೆಂದು ಹಿಗ್ಗಿದೆ. ಅವರು ಚಹಾದ ಲೋಟ ಕೆಳಗಿಟ್ಟು, "ಅಯ್ಯಾರ, ನನಗ ದೀಕ್ಷಾಸ್ನಾನ ಬ್ಯಾಡ್ರಿ" ಅಂದರು.

ಚಿಕ್ಕಪ್ಪನವರು ತಡೆದರೇ ಅಂದೆ.

"ಅವ್ರು ತಡೀತಾರಂತ ಮೊದ್ಲ ಗೊತ್ತಿತ್ರಿ. ಆವತ್ತು ಎರಡು ಕಡೆ ಹಾಸಿದ್ದು ನೋಡಿದೆ. ಮಾತಾಡಾಕ ಧೈರ್ಯ ಬರಲಿಲ್ಲ. ಬಾಗಿಲಾಗ ನಿಂತ್ಕೊಂಡು ನಿಮ್ಮನ್ನ ನೋಡಾಕತ್ತಿದ್ದೆ. ನೀವು ಹೊರಗ ಕುಂತ್ರ ನಾನೂ ಹೊರಗ ಕುಂದ್ರೋದು, ಆದದ್ದಾಗಲಿ ಅಂತ ಮನಸ್ಸು ಗಟ್ಟಿ ಮಾಡಿದ್ದೆ. ಈರಮ್ಮಗೂ ಹೇಳಿದ್ದೆ. ನೀವು ಒಳಗ ಬಂದ್ರಿ."

ಕಾಡಸಿದ್ದಪ್ಪ ಮುಂದುವರಿಸಿದರು.

"ನಿಮ್ಮನ್ನ ಬಯ್ಯಾಕ ಬಂದಿಲ್ರಿ. ನಾನೂ ಒಳಗ ಉಂಡವನ. ಆದ್ರ ನಿಮ್ಮ ಸಭೆಯಾಗೂ ಇದೇ ಪಂಗ್ತಿ ಇದ್ರ, ನಮ್ಮವರನ್ನ ಬಿಟ್ಟು ನಾನು ಎಲ್ಲಿಗೆ ಬರಬೇಕ್ರಿ?"

ಗೋದಾಮು ನಿಮ್ಮ ಹತ್ತಿರವೇ ಇರಲಿ ಅಂದರು. ಬೇಡ ಅಂದೆ. ಗೇಟಿನ ತನಕ ಹೋಗಿ ಬಿಟ್ಟು ಬಂದೆ. ಅವರು ಕೈ ಮುಗಿದರು, ನನ್ನ ಕೈ ಮೇಲೇಳಲಿಲ್ಲ. ಯಾರನ್ನು ಉಳಿಸಿಕೊಳ್ಳಲು ಹೋದೆನೆಂದು ನನಗೆ ನಾನೇ ಹೇಳಿಕೊಂಡಿದ್ದೆನೋ ಅವರನ್ನೇ ಕಳೆದಿದ್ದೇನೆ.

ನಿಮ್ಮವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಬಂದು ಲೋಟ ಎತ್ತಿಕೊಂಡಳು. "ಹನುಮಕ್ಕನ ಮನೀಗೆ ಯಾವಾಗ ಹೋಗ್ತೀರಿ?" ಅಂದಳು, ಅಷ್ಟೇ.

ಅಪ್ಪ


ಕುರುಗೋಡು
೪–೧–೧೯೭೫

ಅಪ್ಪಾ,

ಹನುಮಮ್ಮನ ಮನೆಗೆ ಹೋಗಿದ್ದೆ. ಕ್ರಿಸ್‌ಮಸ್ಸನ್ನೂ ಅವರು ಆ ಪಡಸಾಲೆಯಲ್ಲೇ ಮಾಡಿದ್ದಾರೆ. ಗಾದೆಪ್ಪ ಅಕ್ಷರ ಕೂಡಿಸಿ ಓದುತ್ತಾನಂತೆ, ಒಂದು ಅಧ್ಯಾಯಕ್ಕೆ ಅರ್ಧ ಮುಂಜಾನೆ ಬೇಕಂತೆ. ಆದರೂ ಯಾರೂ ಏಳುವುದಿಲ್ಲವಂತೆ.

ತಪ್ಪಾಯಿತು ಅಂದೆ. ಅತ್ತುಬಿಟ್ಟೆ. ಅವಳು ಮೊರ ಕೈಗೆ ಕೊಟ್ಟು, "ಅಳ್ಕೋತ ಕುಂದ್ರಬ್ಯಾಡ, ಜೋಳ ಹಸನ ಮಾಡು" ಅಂದಳು. ನಿಮ್ಮ ವಿಷಯ ಎತ್ತಿದೆ. "ನಿಮ್ಮಪ್ಪನ ಮಾತು ನಿಮ್ಮಪ್ಪನ ಬಂದು ಆಡ್ಲಿ" ಅಂದಳು. ಮುಖ ಬಿಗಿಯಾಗಿತ್ತು.

ಸೋಮವಾರದಿಂದ ನನಗೆ ಸಿರುಗುಪ್ಪದಲ್ಲಿ ಟ್ರೈನಿಂಗ್. ತಿಂಗಳ ಕೊನೆಗೆ ವಾಪಸು. ನಾನಿಲ್ಲದಾಗಲೇ ಹೋಗಿ ಬನ್ನಿ, ಅದೇ ಒಳ್ಳೆಯದು.

ಸುವಾರ್ತ


ಬಳ್ಳಾರಿ
೨೧–೧–೧೯೭೫

ಮಗಳೇ, ಸಿರುಗುಪ್ಪದ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಮೊದಲು ಇಲ್ಲಿನದು ಹೇಳುತ್ತೇನೆ. ಹಿರಿಯರಿಗೆ ನಡೆದದ್ದನ್ನು ತಿಳಿಸಿದೆ. "ಆದದ್ದಾಯಿತು, ಹೊರಗೆ ಹೇಳಬೇಡಿ, ಸಭೆಯ ಮರ್ಯಾದೆ" ಅಂದರು. ಆವತ್ತಿನ ವೇದಪಾಠದಲ್ಲಿ ಆ ಹುಡುಗನಿಗೆ ಉತ್ತರ ಕೊಟ್ಟೆ. ಪೇತ್ರ ಏನಂದನೆಂದು ಗೊತ್ತಿಲ್ಲ, ನಾನು ಏನು ಮಾಡಿದೆ ಅಂತ ಹೇಳುತ್ತೇನೆ ಅಂದೆ. ಒಬ್ಬರೂ ನಗಲಿಲ್ಲ. ಹಿರಿಯರಿಗೆ ಸಿಟ್ಟು ಬಂದಿದೆ. ಬೇಸಿಗೆಗೆ ನನ್ನನ್ನು ಕೆಲಸದಿಂದ ಬಿಡಿಸುವ ಮಾತು ನಡೆದಿದೆ. ನಡೆಯಲಿ.

ಭಾನುವಾರ ಕುರುಗೋಡಿಗೆ ಹೋದೆ. ಹನುಮಮ್ಮನ ಹೊಸ್ತಿಲ ಹೊರಗೆ ನಿಂತೆ. ಎಲ್ಲರೂ ಕೂತಿದ್ದರು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಿಂತಲ್ಲೇ ಹೇಳಿದೆ, ನಿಮ್ಮಪ್ಪಂದಿರ ಹಾಗೆ ನಮ್ಮಪ್ಪನೂ ಗೋಡೆಯ ಹೊರಗೆ ಕೂತವನು, ನಾನು ಅದನ್ನು ಮುಚ್ಚಿಡಲು ಒಳಗೆ ಹೋದೆ, ತಪ್ಪು ಮಾಡಿದೆ ಅಂತ.

ಹನುಮಮ್ಮ, "ಎಲಿ ಹೊರಗ ಹಾಕಿದ್ರಂತ ನನಗ ಸಂಕಟ ಆಗ್ಲಿಲ್ರಿ. ಹೊರಗ ಕುಂತು ಉಂಡು ನಮಗ ರೂಢಿ ಐತಿ. ನೀವು ಒಳಗ ಹೋಗೂ ಮುಂದ ನನ್ನ ಮಾರಿ ನೋಡ್ಲಿಲ್ಲ. ಒಂದು ಸಲ ನೋಡಿ ಹೋಗಿದ್ರ, ಏನೋ ತ್ರಾಸಿನಾಗ ಹೋದ್ರು ಅಂತ ಅನಕೊಂತಿದ್ದೆ" ಅಂದಳು.

ನೋಡಲಿಲ್ಲ, ನಿಜ. ಬೇಕೆಂದೇ ನೋಡಲಿಲ್ಲ.

"ಕುಂದ್ರಿ. ಇವತ್ತು ಗಾದೆಪ್ಪ ಓದ್ತಾನ, ನೀವು ಕೇಳ್ರಿ" ಅಂದಳು. ಬಾಗಿಲ ಹತ್ತಿರ ಕೂತೆ. ಗಾದೆಪ್ಪ ಒಂದು ಶಬ್ದಕ್ಕೆ ತಡವರಿಸಿದ. ನನ್ನ ನಾಲಗೆ ತುದಿಗೆ ಬಂತು, ನುಂಗಿಕೊಂಡೆ. ಅವನೇ ಕೂಡಿಸಿ ಓದಿದ.

ಪ್ರಾರ್ಥನೆಯಾದ ಮೇಲೆ ಊಟಕ್ಕೆ ಎಲೆ ಹಾಕಿದರು. ನನಗೆ ಹಾಕಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಬಸ್ ಸ್ಟ್ಯಾಂಡಿಗೆ ನಡೆದೆ. ದಾರಿಯಲ್ಲಿ ಮಂಡಕ್ಕಿ ಕೊಂಡೆ, ತಿನ್ನಲಾಗಲಿಲ್ಲ. ಕೋಪ ಬಂತೆಂದು ತಿಳಿಯಬೇಡ. ಅವರು ಮಾಡಿದ್ದು ಸರಿ. ಮುಂದಿನ ತಿಂಗಳೂ ಹೋಗುತ್ತೇನೆ, ಬಾಗಿಲ ಹತ್ತಿರವೇ ಕೂರುತ್ತೇನೆ.

ಅಪ್ಪ


ಕುರುಗೋಡು
೧೭–೨–೧೯೭೫

ಅಪ್ಪಾ,

ಅವ್ವ ಬರೆಸಿದ ಕಾರ್ಡು ಇವತ್ತು ಬಂತು. ನಿಮಗೆ ಜ್ವರ ಅಂತ ಇವತ್ತೇ ಗೊತ್ತಾಯಿತು. ನಿನ್ನೆ ನಮಗೆ ಯಾರಿಗೂ ಗೊತ್ತಿರಲಿಲ್ಲ.

ನಿನ್ನೆ ಗಾದೆಪ್ಪ ಓದಿ ಮುಗಿಸಿದ. ಹನುಮಮ್ಮ ಬಾಗಿಲ ಕಡೆ ನೋಡಿ, "ನಿಮ್ಮಪ್ಪ ಯಾಕ ಬರಲಿಲ್ಲ?" ಅಂದಳು. ಗೊತ್ತಿಲ್ಲ ಅಂದೆ. ಕೇರಿಯ ದೊಡ್ಡಬಸಮ್ಮ ಎಲೆ ಹಾಕಲು ಎದ್ದಳು. "ತಡಿ, ಮಧ್ಯಾಹ್ನದ ಬಸ್ಸು ಬರ್ಲಿ" ಅಂದಳು ಹನುಮಮ್ಮ. ಬಸ್ಸು ಬಂತು. ಗಾದೆಪ್ಪ ಸ್ಟ್ಯಾಂಡಿಗೆ ಹೋಗಿ ನೋಡಿಬಂದ. ನೀವಿರಲಿಲ್ಲ. "ಇನ್ನೊಂದು ಐತಲ್ಲ" ಅಂದಳು. ಮಕ್ಕಳಿಗೆ ಮಾತ್ರ ರೊಟ್ಟಿ ಕೊಟ್ಟಳು, ದೊಡ್ಡವರು ಯಾರೂ ಕೈ ಹಚ್ಚಲಿಲ್ಲ. "ಉಪಾಸ ಕಳಿಸಿದ್ಯಲ್ಲ ಆವತ್ತು, ಈಗ್ಯಾಕ ಕಾಯ್ತಿ?" ಅಂತ ದೊಡ್ಡಬಸಮ್ಮ ಗೊಣಗಿದಳು. ಹನುಮಮ್ಮ ಒಲೆಯ ಮುಂದೆ ಕೂತು ಸಾರಿಗೆ ಮತ್ತೆ ಮತ್ತೆ ಉರಿ ಹಾಕುತ್ತಿದ್ದಳು.

ಎರಡನೆಯ ಬಸ್ಸಿನಲ್ಲೂ ನೀವು ಬರಲಿಲ್ಲ. ಆಮೇಲೆ ಉಂಡೆವು. ನಾನು ಬಡಿಸಲು ಎದ್ದರೆ ಹನುಮಮ್ಮ ಭುಜ ಒತ್ತಿ ಕೂರಿಸಿದಳು. ಅನ್ನ ಆರಿಹೋಗಿತ್ತು.

ಹೊರಡುವಾಗ ಕೇಳಿದೆ, ಸಿಟ್ಟು ಇಳಿಯಿತೇನು ಅಂತ.

"ಇಲ್ಲ" ಅಂದಳು. "ಸಿಟ್ಟು ಐತಿ. ಬರ್ರಿ ಅಂತ ಬರಿ."

ಬರೆದಿದ್ದೇನೆ ಅಪ್ಪಾ.

ನಿಮ್ಮ ಮಗಳು,
ಸುವಾರ್ತ